ಅಕ್ಷರಗುಂಡಿನ ಮುಂದೆ ಒಂದು ಸಿನಿಮಾ ಮಾತು

ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಸುವ ಮನೆಗಳಲ್ಲಿ ಮಲಗುವ ಹೊತ್ತಿನವರೆಗೆ ಎರಡು ಮೂರು ಗಂಟೆಗಳ ಬಿಡುವು ತಾನಾಗಿ ದೊರೆಯುತ್ತದೆ. ಹಿಂದಿನ ತಲೆಮಾರಿನಲ್ಲಿ ಆ ಬಿಡುವನ್ನು ಶಾಸ್ತ್ರಶ್ರವಣ, ಮಳೆ-ಬೆಳೆಯ ವಿಚಾರ, ಬಂಧುಗಳ ಕ್ಷೇಮಸಮಾಚಾರ ತುಂಬುತ್ತಿದ್ದವು. ಇಂದು ಅವುಗಳ ಜೊತೆಗೆ ಸಿನಿಮಾದ ಮಾತೂ ಬಂದು ಕುಳಿತಿದೆ. ಯಾವ ಚಿತ್ರ ನೋಡಿದಿರಿ, ಹೇಗಿತ್ತು, ಯಾರ ಅಭಿನಯ ಚೆನ್ನಾಗಿತ್ತು, ಯಾವುದು ದುಡ್ಡಿಗೆ ದಂಡ ಎಂಬ ಪ್ರಶ್ನೆಗಳಿಗೆ ಕೊನೆಯಿಲ್ಲ. ಚಿತ್ರಮಂದಿರಕ್ಕೆ ಹೋಗಿ ಬಂದವರೂ, ಮನೆಯ ಟಿ.ವಿ.ಯಲ್ಲಿ ಕಂಡವರೂ, ಅಂಗೈಯ ಮೊಬೈಲಿನಲ್ಲಿ ಅರ್ಧ ನೋಡಿ ಬಿಟ್ಟವರೂ ಒಂದೇ ಅಧಿಕಾರದಿಂದ ತೀರ್ಪು ಕೊಡುತ್ತಾರೆ.

ಇಂತಹ ಮಾತಿನಲ್ಲಿ ದೋಷವೇನಿದೆ ಎಂದು ಯಾರಾದರೂ ಕೇಳಬಹುದು. ಸಾಲಪತ್ರದ ಮಾತಲ್ಲ, ನ್ಯಾಯಾಲಯದ ಸಾಕ್ಷಿಯಲ್ಲ, ಮದುವೆಯ ಸಂಬಂಧ ಕೂಡಿಸುವ ಸಂದರ್ಭವೂ ಅಲ್ಲ. ಕೇವಲ ಒಂದು ಸಿನಿಮಾ. ಈ ಭಾವನೆಯಿಂದಲೇ ಉಳಿದೆಡೆ ತೂಗಿ ಮಾತನಾಡುವವರೂ ಇಲ್ಲಿ ನಾಲಿಗೆಯ ಕಡಿವಾಣವನ್ನು ಸಡಿಲಬಿಡುತ್ತಾರೆ. ಚಳ್ಳಕೆರೆಯ ಒಂದು ಮನೆಯಲ್ಲಿ 2022ರಲ್ಲಿ ನಡೆದ ಸಣ್ಣ ಸಂಗತಿಯೊಂದು ಈ ವಿಷಯದಲ್ಲಿ ವಾಚಕರ ಗಮನಕ್ಕೆ ಅರ್ಹವಾಗಿದೆ.

ಆ ಮನೆಯ ಹಿರಿಯರು ನಾಲ್ಕು ದಶಕಗಳ ಕಾಲ ಶೇಂಗಾ ವ್ಯಾಪಾರ ಮಾಡಿ ನಿವೃತ್ತರಾದವರು. ಎಣ್ಣೆ ಗಿರಣಿಗಳಿಗೆ ಹೆಸರಾದ ಊರಿನಲ್ಲಿ ಅವರ ತೂಕದ ಬಗೆಗೆ ಯಾರೂ ಸಂಶಯಪಟ್ಟವರಿಲ್ಲ. ಬೆಳಿಗ್ಗೆ ಸ್ವಾಧ್ಯಾಯ ತಪ್ಪಿಸಿದವರಲ್ಲ. ಕಂಡದ್ದನ್ನು ಕಂಡಂತೆ ಹೇಳುವವರೆಂಬ ಗೌರವ ಅವರಿಗಿತ್ತು. ಆದರೆ ಸಿನಿಮಾದ ವಿಷಯ ಬಂದಾಗ ಮಾತ್ರ ಅವರು ಬೇರೆಯೇ ವ್ಯಕ್ತಿಯಾಗುತ್ತಿದ್ದರು. ಯಾವ ಚಿತ್ರವಾದರೂ ಒಂದೇ ಮಾತಿನಲ್ಲಿ ಅದನ್ನು ಏರಿಸಿಬಿಡುವುದು ಅಥವಾ ಇಳಿಸಿಬಿಡುವುದು ಅವರ ರೂಢಿ. ಮನೆಯವರು ನಗುತ್ತಿದ್ದರು. ಆ ನಗೆಯೇ ರೂಢಿಗೆ ನೀರೆರೆಯುತ್ತಿತ್ತು.

ಅವರ ತೀರ್ಪುಗಳಲ್ಲಿ ಅತ್ಯಂತ ಹಳೆಯದು 'ನಾಗರಹಾವು' ಚಿತ್ರದ ಕುರಿತಾದದ್ದು. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ಆ ಚಿತ್ರ 1972ರಲ್ಲಿ ತೆರೆಕಂಡಿತು. ಚಿತ್ರದುರ್ಗದ ಕೋಟೆ, ಬೆಟ್ಟ, ಬಂಡೆಗಳೇ ಅದರ ರಂಗಭೂಮಿ. ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟರಾಗಿ ಕೆ.ಎಸ್. ಅಶ್ವತ್ಥ್, ಅಲಮೇಲುವಾಗಿ ಆರತಿ, ಒನಕೆ ಓಬವ್ವನಾಗಿ ಜಯಂತಿ ಜನಮನದಲ್ಲಿ ನೆಲೆಸಿದರು. ಆಗ ಯುವಕರಾಗಿದ್ದ ಹಿರಿಯರು ಗೆಳೆಯರೊಡನೆ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ಅದನ್ನು ಎರಡು ಬಾರಿ ನೋಡಿದ್ದರು. ಎರಡನೆಯ ಬಾರಿ ಕಣ್ಣೊರೆಸಿಕೊಂಡಿದ್ದರೆಂದು ಗೆಳೆಯರು ಹೇಳುವುದುಂಟು. ಆದರೂ ಯಾರಾದರೂ ಆ ಚಿತ್ರದ ಹೆಸರೆತ್ತಿದರೆ ಅವರು ಕೂಡಲೇ ಹೇಳುತ್ತಿದ್ದ ಮಾತು ಒಂದೇ: "ಅದು ನಾಗರಹಾವಲ್ಲ, ಕೇರೆಹಾವು."

ಈ ಮಾತು ಅವರದಲ್ಲ. ಚಿತ್ರಕ್ಕೆ ಆಧಾರವಾದದ್ದು ತ.ರಾ. ಸುಬ್ಬರಾಯರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳು. ಮೂರನ್ನೂ ಒಂದು ಚಿತ್ರದ ಅವಧಿಯೊಳಗೆ ಅಡಗಿಸಿದ ಬಗೆ ಕಾದಂಬರಿಕಾರರಿಗೆ ಒಪ್ಪಿಗೆಯಾಗಲಿಲ್ಲ. ನಿರ್ದೇಶಕರು ತಮ್ಮ ನಾಗರಹಾವನ್ನು ಕೇರೆಹಾವಾಗಿ ಮಾಡಿದರೆಂದು ಅವರು ಬೇಸರಪಟ್ಟ ಸಂಗತಿ ಕನ್ನಡ ಚಿತ್ರರಂಗದ ಪ್ರಸಿದ್ಧ ಕಥೆಗಳಲ್ಲೊಂದು. ತ.ರಾ.ಸು. ಅವರ ಮನೆತನದ ಊರಾದ ತಳುಕು ಚಳ್ಳಕೆರೆ ತಾಲ್ಲೂಕಿನದು. ತಮ್ಮ ಸೀಮೆಯ ಸಾಹಿತಿಯ ಪಕ್ಷವನ್ನು ವಹಿಸುವುದು ಊರಭಿಮಾನವೆಂದು ಹಿರಿಯರು ಭಾವಿಸಿದ್ದರು. ಹೀಗೆ ಐದು ದಶಕಗಳ ಕಾಲ ಆ ಎರವಲು ಮಾತು ಅವರ ಬಾಯಲ್ಲಿ ಸ್ವಂತ ಮಾತಿನಂತೆ ಚಲಾವಣೆಯಾಗುತ್ತ ಬಂದಿತ್ತು.

ಆ ವರ್ಷದ ಜೂನ್ ತಿಂಗಳಲ್ಲಿ '777 ಚಾರ್ಲಿ' ಎಂಬ ಕನ್ನಡ ಚಿತ್ರ ಬಿಡುಗಡೆಯಾಯಿತು. ಕಿರಣ್‌ರಾಜ್ ಕೆ. ನಿರ್ದೇಶಿಸಿದ, ರಕ್ಷಿತ್ ಶೆಟ್ಟಿ ಅಭಿನಯಿಸಿದ ಈ ಚಿತ್ರದಲ್ಲಿ ಧರ್ಮನೆಂಬ ಒಂಟಿ ಮನುಷ್ಯನ ಬಾಳಿಗೆ ಹೆಣ್ಣು ನಾಯಿಯೊಂದು ಬಂದು ಸೇರುತ್ತದೆ. ದಾವಣಗೆರೆಯಲ್ಲಿ ಕಾಲೇಜು ಓದುತ್ತಿದ್ದ ಮೊಮ್ಮಗಳು ಗೆಳತಿಯರೊಡನೆ ಅದನ್ನು ನೋಡಿ, ಶನಿವಾರ ಊರಿಗೆ ಬಂದವಳು, ಹಜಾರದಲ್ಲಿ ಎಲ್ಲರ ಮುಂದೆ ಕಥೆ ಹೇಳತೊಡಗಿದಳು. ಹೇಳುತ್ತ ಹೇಳುತ್ತ ಅವಳ ಗಂಟಲು ಕಟ್ಟಿತು. ಅಷ್ಟರಲ್ಲಿ ಹಿರಿಯರು ನಕ್ಕು, "ನಾಯಿಯ ಸಿನಿಮಾಕ್ಕೆ ಅಳುವುದೇನವ್ವಾ? ಟಿಕೆಟ್ಟಿಗೆ ಕೊಟ್ಟ ದುಡ್ಡು ನೆನೆದು ಅಳಬೇಕಾಗಿತ್ತು" ಎಂದುಬಿಟ್ಟರು. ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಂತೆ ಮಾಡಿ ಎದ್ದು ಒಳಗೆ ಹೋದಳು.

ಅದರ ಪರಿಣಾಮವನ್ನು ಮೊದಲು ಗಮನಿಸಿದವರು ಅವಳ ತಾಯಿ. ಅಲ್ಲಿಯವರೆಗೆ ಶನಿವಾರ ಸಂಜೆಯೆಂದರೆ ಮಗಳ ಮಾತಿಗೆ ಬಿಡುವಿರಲಿಲ್ಲ. ನೋಡಿದ ಚಿತ್ರ, ಓದಿದ ಪುಸ್ತಕ, ವಿದ್ಯಾರ್ಥಿನಿಲಯದ ಜಗಳ ಎಲ್ಲವೂ ಆ ಹಜಾರದಲ್ಲಿ ಹರಡಿಕೊಳ್ಳುತ್ತಿದ್ದವು. ಆ ಸಂಜೆಯ ನಂತರ ಅವಳು ಬರುತ್ತಿದ್ದಳು, ಎಲ್ಲರೊಡನೆ ಕುಳಿತುಕೊಳ್ಳುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಏನನ್ನೂ ಹೇಳುತ್ತಿರಲಿಲ್ಲ. ಸಿನಿಮಾದ ಮಾತು ನಿಂತದ್ದು ದೊಡ್ಡ ನಷ್ಟವಲ್ಲ. ಅದರ ಹಿಂದೆಯೇ ಉಳಿದ ಮಾತುಗಳೂ ನಿಂತುಹೋದದ್ದು ತಾಯಿಯನ್ನು ಕಾಡಿತು. ಮಾವನವರಿಗೆ ಇದನ್ನು ಹೇಗೆ ತಿಳಿಸುವುದೆಂದು ಅರಿಯದೆ ಅವರೂ ಸುಮ್ಮನಿದ್ದರು.

ದಸರಾ ರಜೆಯಲ್ಲಿ ಮನೆಯವರೆಲ್ಲ ಕಾರಿನಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೊರಟರು. ಬಳ್ಳಾರಿಯ ಹಾದಿಯಲ್ಲಿ ತಳುಕು ಸಿಕ್ಕಿತು. ಊರಿನ ಫಲಕ ಕಂಡೊಡನೆ ಹಿರಿಯರು ಎಂದಿನಂತೆ ತ.ರಾ.ಸು. ಅವರನ್ನು ನೆನೆದು, ಎಂದಿನಂತೆ ಕೇರೆಹಾವಿನ ಮಾತನ್ನೂ ಆಡಿದರು. ಅಲ್ಲಿಂದ 'ನಾಗರಹಾವು' ಚಿತ್ರದ ಚರ್ಚೆ ಹೊತ್ತಿಕೊಂಡಿತು. ಜಾತಿ ಬೇರೆಯೆಂಬ ಕಾರಣ ಮುಂದಿಟ್ಟು ಚಾಮಯ್ಯ ಮೇಷ್ಟರು ರಾಮಾಚಾರಿಯ ಮನವೊಲಿಸಿ, ಅಲಮೇಲುವನ್ನು ಅವನು ಬಿಟ್ಟುಕೊಡುವಂತೆ ಮಾಡುವ ಪ್ರಸಂಗ ಆ ಚಿತ್ರದ ತಿರುಳು. ಮೇಷ್ಟರು ತಮಗೆ ಧರ್ಮವೆಂದು ತೋರಿದ್ದನ್ನೇ ಹೇಳಿದರೆಂದು ಹಿರಿಯರ ವಾದ. ಸಮಾಜಕ್ಕೆ ಹೆದರಿ ಎರಡು ಬಾಳನ್ನು ಹಾಳುಮಾಡಿದರೆಂದು ಮಗನ ವಾದ. ಅಷ್ಟು ಹೊತ್ತು ಕಿಟಕಿಯಾಚೆ ನೋಡುತ್ತಿದ್ದ ಮೊಮ್ಮಗಳು ಮೆಲ್ಲಗೆ ಎಂದಳು: "ಇಬ್ಬರೂ ಮೇಷ್ಟರ ಮಾತನ್ನೇ ಆಡುತ್ತೀರಿ. ಅಲಮೇಲುವನ್ನು ಮಾತ್ರ ಯಾರೂ ಕೇಳಲಿಲ್ಲ."

ಕಾರಿನಲ್ಲಿ ಕ್ಷಣಕಾಲ ಮೌನವಾಯಿತು. ಗಂಡನ ಮನೆ ಸೇರಿದ ಅಲಮೇಲು ಕೊನೆಗೆ ದೇಹ ಮಾರುವ ಸ್ಥಿತಿಗೆ ಇಳಿದದ್ದನ್ನು ಚಿತ್ರ ನೋಡಿದವರೆಲ್ಲ ಬಲ್ಲರು. ಹಿರಿಯರಿಗೂ ಅದು ಗೊತ್ತಿತ್ತು. ಎರಡು ಬಾರಿ ನೋಡಿದವರಿಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ ಅವರು, "ಕಾದಂಬರಿಯಲ್ಲಿ ಅದೆಲ್ಲ ಸರಿಯಾಗಿದೆ. ಸಿನಿಮಾದವರು ಕೆಡಿಸಿದ್ದು" ಎಂದರು.

"ಅಜ್ಜ, ಕಾದಂಬರಿ ನೀವು ಓದಿದ್ದೀರಾ?" ಎಂದು ಅವಳು ಕೇಳಿದಳು. ಪ್ರಶ್ನೆಯಲ್ಲಿ ವ್ಯಂಗ್ಯವಿರಲಿಲ್ಲ. ಓದಿದ್ದರೆ ಅಲಮೇಲುವಿನ ಸಂಗತಿ ಅಲ್ಲಿ ಹೇಗಿದೆಯೆಂದು ತಿಳಿಯುವ ಆಸೆಯಿತ್ತು. "ಎಲ್ಲರಿಗೂ ಗೊತ್ತಿರುವ ಮಾತು ಅದು" ಎಂದಷ್ಟೇ ಹೇಳಿ ಹಿರಿಯರು ಹೊರಗೆ ನೋಡತೊಡಗಿದರು. ಹಾದಿಯ ಎರಡೂ ಬದಿ ಶೇಂಗಾ ಹೊಲಗಳು, ಜಾಲಿಯ ಪೊದೆಗಳು, ದೂರದಲ್ಲಿ ಬೋಳು ಬಂಡೆಯ ಗುಡ್ಡಗಳು.

ಬ್ರಹ್ಮಗಿರಿ ಸಾಮಾನ್ಯ ಸ್ಥಳವಲ್ಲ. ಇಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿಯೂ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ನಡೆಸಿ, ಶಿಲಾಯುಗದ ವಸತಿಯಿಂದ ಮೊದಲುಗೊಂಡು ಬೃಹತ್ ಶಿಲಾಸಮಾಧಿಗಳ ಕಾಲವನ್ನು ದಾಟಿ ಬರುವ ಜನಜೀವನದ ಪದರಗಳನ್ನು ತೋರಿಸಿಕೊಟ್ಟರು. ಶಾಸನವಿರುವ ಬಂಡೆಯನ್ನು ಸುತ್ತಲ ಜನ ಅಕ್ಷರಗುಂಡು ಎಂದು ಕರೆಯುತ್ತ ಬಂದವರು. ಅದರ ಲಿಪಿ ಯಾವುದೆಂದು ತಿಳಿಯದ ಕಾಲದಲ್ಲೂ ಅದು ಅಕ್ಷರವೆಂಬುದು ಅವರಿಗೆ ತಿಳಿದಿತ್ತು.

ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸುವ ರೀತಿಯಲ್ಲಿ ಶಾಸನ ಆರಂಭವಾಗುತ್ತದೆ. ಅಲ್ಲಿ ಚಕ್ರವರ್ತಿ ಮೊದಲು ಹೇಳಿಕೊಳ್ಳುವುದು ತನ್ನ ಕೊರತೆಯನ್ನು. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿದೆ, ಆದರೆ ಒಂದು ವರ್ಷ ಹೆಚ್ಚಿನ ಸಾಧನೆ ಮಾಡಲಿಲ್ಲವೆಂಬುದು ಅವನ ಒಪ್ಪಿಗೆ. ಅನಂತರವೇ ಉಪದೇಶ. ತಾಯಿತಂದೆಯರ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಸಾರ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತಾನು ಬರೆದುದೆಂದು ಹೆಸರು ಹಾಕಿದ್ದಾನೆ. ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ.

ಮಗ ಇದನ್ನು ಮಕ್ಕಳಿಗೆ ವಿವರಿಸುತ್ತಿದ್ದಾಗ ಹಿರಿಯರು ನೆರಳಿನಲ್ಲಿ ಕುಳಿತು ಕೇಳುತ್ತಿದ್ದರು. ಪ್ರಾಣಿಗಳಲ್ಲಿ ದಯೆ, ಅದರ ಬೆನ್ನಿಗೇ ಸತ್ಯ. ಎರಡೂ ಅವರಿಗೆ ಹೊಸ ಮಾತುಗಳಲ್ಲ, ಬಾಲ್ಯದಿಂದ ವ್ರತವೆಂದು ಕೇಳಿದವು. ಆದರೆ ಅಂದು ಅವು ಬೇರೆಯಾಗಿ ಕೇಳಿಸಿದವು. ನಾಯಿಯೊಂದರ ನೋವಿಗೆ ಅತ್ತ ಹುಡುಗಿಯನ್ನು ಅಹಿಂಸೆಯ ಮನೆಯಲ್ಲಿಯೇ ನಗೆಗೀಡು ಮಾಡಿದ್ದಾಗಿತ್ತು. ಕಾರಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿತ್ತು. ಎಲ್ಲರೂ ಹೊರಡಲು ಎದ್ದಾಗ ಅವರು ಮೊಮ್ಮಗಳನ್ನು ಹತ್ತಿರ ಕರೆದು, "ಕಾದಂಬರಿ ನಾನು ಓದಿಲ್ಲವ್ವಾ. ಯಾರೋ ಹೇಳಿದ್ದನ್ನು ಹೇಳುತ್ತ ಬಂದೆ. ನಿನ್ನ ನಾಯಿಯ ಸಿನಿಮಾವನ್ನೂ ನೋಡಿಲ್ಲ" ಎಂದರು. ಅವಳು ಏನೂ ಹೇಳಲಿಲ್ಲ. ಇಳಿಯುವಾಗ ಬಂಡೆಯ ಹಾದಿಯಲ್ಲಿ ಅವರ ಕೈ ಹಿಡಿದುಕೊಂಡಳು.

ಈ ಸಂಗತಿಯಲ್ಲಿ ವಿಚಾರ ಮಾಡಬೇಕಾದ ಅಂಶಗಳು ಎರಡು ಮೂರು ಇವೆ. ಸಿನಿಮಾದ ಹರಟೆಯೇ ತ್ಯಾಜ್ಯವೆಂದು ಕೆಲವರು ಹೇಳಬಹುದು. ವಿಕಥೆಗಳನ್ನು ದೂರವಿಡಬೇಕೆಂಬ ಉಪದೇಶವೂ, ಉಮಾಸ್ವಾಮಿ ಆಚಾರ್ಯರು ಅನರ್ಥದಂಡವಿರತಿಯ ಅತಿಚಾರಗಳಲ್ಲಿ ಮೌಖರ್ಯವನ್ನು, ಅಂದರೆ ಹಿಂದುಮುಂದಿಲ್ಲದ ಮಾತುಗಾರಿಕೆಯನ್ನು, ಎಣಿಸಿರುವುದೂ ಇದಕ್ಕೆ ಆಧಾರವಾಗುತ್ತವೆ. ಆದರೆ ಮುನಿಗಳಿಗೆ ವಿಧಿಸಿದ ವಚನಗುಪ್ತಿಯನ್ನು ಗೃಹಸ್ಥರ ಹಜಾರಕ್ಕೆ ಇದ್ದಂತೆಯೇ ತರುವುದು ಸುಲಭವಲ್ಲ. ತಂದರೂ ಮಕ್ಕಳು ಮಾತನ್ನು ಬಿಡುವುದಿಲ್ಲ, ಹಿರಿಯರ ಮುಂದೆ ಆಡುವುದನ್ನು ಬಿಡುತ್ತಾರೆ. ಆ ಮನೆಯಲ್ಲಿ ನಾಲ್ಕು ತಿಂಗಳು ನಡೆದದ್ದು ಅದೇ. ಗೃಹಸ್ಥನಿಗೆ ಸಾಧ್ಯವಾದದ್ದು ಮಾತು ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ಇರಬೇಕೆಂಬ ಭಾಷಾಸಮಿತಿಯ ಎಚ್ಚರವನ್ನು ಅಣುವಾಗಿಯಾದರೂ ಪಾಲಿಸುವುದು.

ಎರಡನೆಯದು ಎರವಲು ಅಭಿಪ್ರಾಯದ ವಿಷಯ. ತ.ರಾ.ಸು. ಅವರಿಗೆ ಕಟುವಾಗಿ ನುಡಿಯುವ ಅಧಿಕಾರವಿತ್ತು. ಕೃತಿ ಅವರದು, ಪಾತ್ರಗಳು ಅವರ ಮನಸ್ಸಿನಲ್ಲಿ ಬೆಳೆದವು. ಪುಟ್ಟಣ್ಣನವರಿಗೂ ತಮ್ಮ ಮಾಧ್ಯಮದ ಅನಿವಾರ್ಯಗಳಿದ್ದವು. ಪುಸ್ತಕದ ನೂರು ಪುಟ ಹೇಳುವುದನ್ನು ತೆರೆ ಒಂದು ನೋಟದಲ್ಲಿ ಹೇಳಬೇಕಾಗುತ್ತದೆ. ಇವು ಎರಡು ನಯಗಳು, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಆದರೆ ಪುಸ್ತಕವನ್ನು ಓದದವನು ಅದೇ ಮಾತನ್ನು ಆಡಿದಾಗ ಅಲ್ಲಿ ಯಾವ ನಯವೂ ಇರುವುದಿಲ್ಲ, ನೋಡಿದ ಕಣ್ಣೇ ಇಲ್ಲ. ಕಾದಂಬರಿಕಾರರು 1984ರಲ್ಲಿಯೂ ನಿರ್ದೇಶಕರು 1985ರಲ್ಲಿಯೂ ಕಾಲವಾದರು. 2018ರಲ್ಲಿ ಚಿತ್ರ ಡಿಜಿಟಲ್ ರೂಪದಲ್ಲಿ ಮತ್ತೆ ತೆರೆಗೆ ಬಂದಾಗ ಹೊಸ ತಲೆಮಾರು ಅದನ್ನು ನೋಡಿತು. ಬೇಸರದ ಗಳಿಗೆಯ ಆ ಒಂದು ಮಾತು ಮಾತ್ರ ಅಷ್ಟೂ ಕಾಲ ಬಾಯಿಂದ ಬಾಯಿಗೆ ನಡೆದುಬಂದಿತ್ತು, ಬಹುಪಾಲು ಮೂಲವನ್ನು ಓದದವರ ಬಾಯಲ್ಲಿ. ಚಪಡನು ತಾನು ಬರೆದದ್ದಕ್ಕೆ ಹೆಸರು ಹಾಕಿದ. 'ಎಲ್ಲರಿಗೂ ಗೊತ್ತು' ಎಂಬ ಮಾತಿಗೆ ಹೆಸರು ಹಾಕುವವರು ಯಾರು?

ಮೂರನೆಯದು ಮಾತಿನ ಸಂದರ್ಭ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯ ಶಿಲಾಶಾಸನವೂ ಸೇರಿದೆ. ಅದು ಮತಧರ್ಮಗಳ ವಿಷಯವಾಗಿ ನಾಲಿಗೆಯ ಸಂಯಮವನ್ನು ಬೋಧಿಸುತ್ತದೆ. ಅದಕ್ಕೆ ಬಳಸಿರುವ ಮಾತು ಜೈನರಿಗೆ ಪರಿಚಿತವಾದ ವಚೋಗುಪ್ತಿಯೇ. ತನ್ನದನ್ನು ಹೊಗಳುವುದು, ಪರರದನ್ನು ಹಳಿಯುವುದು ಸಂದರ್ಭವಿಲ್ಲದೆ ಕೂಡದು, ಸಂದರ್ಭವಿದ್ದರೂ ಹಗುರವಾಗಿರಬೇಕು, ಒಬ್ಬರು ಇನ್ನೊಬ್ಬರದನ್ನು ಕೇಳಬೇಕು ಎಂಬುದು ಅದರ ಆಶಯ. ಮತಗಳ ನಡುವೆ ಬೇಕಾದ ಈ ನಡವಳಿಕೆ ಹಜಾರದ ಸಿನಿಮಾ ಚರ್ಚೆಗೂ ಒಗ್ಗುತ್ತದೆ. ಹುಡುಗಿಯ ಗಂಟಲು ಕಟ್ಟಿದ ಕ್ಷಣ ಟಿಕೆಟ್ಟಿನ ಲೆಕ್ಕಕ್ಕೆ ಸಂದರ್ಭವಾಗಿರಲಿಲ್ಲ.

ಹಾಗೆಂದು ಎಲ್ಲ ಚಿತ್ರಗಳನ್ನೂ ಎಲ್ಲರೂ ಹೊಗಳಬೇಕೆಂದು ಅರ್ಥವಲ್ಲ. ಮೆಚ್ಚಿಗೆಯಾಗದ್ದನ್ನು ಮೆಚ್ಚಿದಂತೆ ನಟಿಸುವುದೂ ಅಸತ್ಯವೇ. ಸ್ಯಾತ್ ಎಂಬ ಪದದ ಪ್ರಯೋಜನ ಇಲ್ಲಿ ಕಾಣುತ್ತದೆ. ಒಂದು ದೃಷ್ಟಿಯಿಂದ, ತನಗೆ ಕಂಡಷ್ಟರಮಟ್ಟಿಗೆ, ಹೀಗಿದೆ ಎಂದು ಹೇಳುವವನು ತನ್ನ ಮಾತನ್ನು ದುರ್ಬಲಗೊಳಿಸಿಕೊಳ್ಳುವುದಿಲ್ಲ, ಅದಕ್ಕೆ ಸರಿಯಾದ ಅಳತೆ ಕೊಡುತ್ತಾನೆ. ಸೇರು ತೂಗುವಾಗ ಸೇರಿನ ಕಲ್ಲನ್ನೇ ಇಡಬೇಕೆಂಬುದು ಶೇಂಗಾ ವ್ಯಾಪಾರಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ.

ಬ್ರಹ್ಮಗಿರಿಯಿಂದ ಬಂದ ಮರುದಿನ ಸಂಜೆ ಹಿರಿಯರು ತಾವಾಗಿಯೇ '777 ಚಾರ್ಲಿ' ಹಾಕಲು ಹೇಳಿದರು. ಎರಡೂಮುಕ್ಕಾಲು ಗಂಟೆಗೆ ಸಮೀಪದ ಆ ಚಿತ್ರವನ್ನು ಮಧ್ಯದಲ್ಲಿ ಏಳದೆ ನೋಡಿದರು. ಮುಗಿದ ಮೇಲೆ ಮೊಮ್ಮಗಳು ಏನೂ ಕೇಳದೆ ಕಾದಳು. ಅವರು ಹೇಳಿದ್ದಿಷ್ಟು: ಚಿತ್ರ ತಮಗೆ ಉದ್ದವೆನಿಸಿತು, ಮೊದಲ ಭಾಗದಲ್ಲಿ ಕುಡಿತ, ಸಿಗರೇಟು, ಹೊಡೆದಾಟ ಹಿಡಿಸಲಿಲ್ಲ. ಆದರೆ ಲಾಭಕ್ಕಾಗಿ ಒಂದೇ ರಕ್ತದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸುವ, ಆ ಮರಿಗಳು ರೋಗ ಹೊತ್ತು ಹುಟ್ಟುವ ವ್ಯಾಪಾರವೊಂದಿದೆಯೆಂದು ಇಷ್ಟು ವರ್ಷ ವ್ಯಾಪಾರದಲ್ಲಿದ್ದ ತಮಗೆ ಗೊತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ಅವಳೇಕೆ ಅತ್ತಳೆಂದು ಅರ್ಥವಾಯಿತು. ಉದ್ದದ ವಿಷಯದಲ್ಲಿ ಮೊಮ್ಮಗಳು ಒಪ್ಪಲಿಲ್ಲ. ಆ ಉದ್ದದ ಪ್ರಯಾಣವೇ ಕಥೆಯೆಂದು ವಾದಿಸಿದಳು. ಇಬ್ಬರೂ ಮಲಗುವ ಹೊತ್ತು ಮೀರುವವರೆಗೆ ಮಾತನಾಡಿದರು. ಒಳಗಿನಿಂದ ಕೇಳುತ್ತಿದ್ದ ತಾಯಿ ದೀಪ ಆರಿಸಲು ಹೊರಗೆ ಬರಲಿಲ್ಲ.

ಆ ಮನೆಯಲ್ಲಿ ಈಗ ಸಿನಿಮಾದ ಮಾತು ಕಡಿಮೆಯಾಗಿಲ್ಲ. ಯಾರಾದರೂ ತೀರ್ಪು ಕೊಡಹೊರಟರೆ 'ನೋಡಿದ್ದೀರಾ?' ಎಂಬ ಪ್ರಶ್ನೆ ಚಿಕ್ಕ ಮಕ್ಕಳಿಂದಲೂ ಬರುತ್ತದೆ. ಮರುವಾರ ಮೊಮ್ಮಗಳು ದಾವಣಗೆರೆಯಿಂದ 'ನಾಗರಹಾವು' ಕಾದಂಬರಿ ತಂದುಕೊಟ್ಟಳು. ಸ್ವಾಧ್ಯಾಯ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಹಿರಿಯರು ಕನ್ನಡಕ ಹಾಕಿಕೊಂಡು ಅದನ್ನು ಓದಿ ಮುಗಿಸಿದರು. ಹಳೆಯ ಗೆಳೆಯರೊಬ್ಬರು ಬಂದವರು, ಕೇರೆಯೋ ನಾಗರವೋ ಈಗ ಹೇಳಬಹುದಲ್ಲ ಎಂದು ಕೆಣಕಿದರು. ಹಿರಿಯರು ಪುಸ್ತಕವನ್ನು ಪಕ್ಕಕ್ಕಿಟ್ಟು, "ಇನ್ನೂ ಎರಡು ಉಳಿದಿವೆ" ಎಂದರು.